ಶಹಜಾದಿಯ ಬಾಗಿಲು

ಜನ್ನಾಪುರದ ಶಿವಶಂಕರಪ್ಪನವರು ತಮ್ಮ ಸಾಲುಮನೆಗಳ ಹಳೆಯ ನಾಡಹೆಂಚು ಇಳಿಸಿ ಮಂಗಳೂರು ಹೆಂಚು ಹೊದಿಸಿದ್ದೇ ಅಬ್ಬಾಸ್ ಅಲಿಯ ಸಂಕಟಕ್ಕೆಲ್ಲ ಮೂಲವಾಯಿತು. ಇನ್ನು ಮಳೆಗಾಲದಲ್ಲಿ ಸೋರುವ ಕಡೆಗೆಲ್ಲ ಪಾತ್ರೆ ಇಡುವ ಕಷ್ಟ ತಪ್ಪಿತು ಎಂದು ಬಾಡಿಗೆಯವರೆಲ್ಲ ಹಿಗ್ಗಿದರು. ಅಬ್ಬಾಸ್ ಅಲಿಯೂ ಹಿಗ್ಗಿದ. ಹಿಗ್ಗದೆ ಉಳಿದದ್ದು ಅವನ ಹೆಂಡತಿ ಹಫೀಜಾಳ ಬೆಕ್ಕು ಮಾತ್ರ. ಅದು ಇಷ್ಟು ವರ್ಷವೂ ಸರಿದ ಹೆಂಚಿನ ಸಂದಿಯಿಂದ ಹೋಗಿಬಂದು ಮಾಡುತ್ತಿತ್ತು. ಈಗ ಆ ದಾರಿ ಮುಚ್ಚಿಹೋಗಿ ಮನುಷ್ಯರ ಬಾಗಿಲಲ್ಲೇ ಓಡಾಡಬೇಕಾದ ಗತಿ ಬಂತು.

ಬೆಕ್ಕಿನ ಹೆಸರು ಶಹಜಾದಿ. ಹೆಸರಿಗೆ ತಕ್ಕ ಗತ್ತು. ಹೊರಗೆ ಕೂತು ‘ಮ್ಯಾಂವ್’ ಎಂದರೆ ಒಳಗಿದ್ದವರು ಎದ್ದು ಬಂದು ಅಗಳಿ ತೆಗೆಯಬೇಕು. ತೆಗೆದ ಮೇಲೆ ಹೊಸ್ತಿಲಲ್ಲಿ ನಿಂತು, ಒಳಗೆ ಕಾಲಿಡುವುದು ತನ್ನ ಮರ್ಯಾದೆಗೆ ತಕ್ಕದ್ದೋ ಅಲ್ಲವೋ ಎಂದು ಯೋಚನೆ ಮಾಡುತ್ತಿತ್ತು. ಕೊನೆಗೆ ಒಳಗೆ ಬಂದು ಒಂದು ಸುತ್ತು ಹಾಕಿ, ಒಲೆಯ ಹತ್ತಿರ ವಿಶೇಷವೇನೂ ಇಲ್ಲವೆಂದು ಖಾತರಿಯಾಗುತ್ತಲೇ ಮತ್ತೆ ಬಾಗಿಲಿಗೆ ಬಂದು ‘ಮ್ಯಾಂವ್’ ಎನ್ನುತ್ತಿತ್ತು.

ಅಬ್ಬಾಸ್ ಅಲಿ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಕುಲುಮೆಯ ಬಳಿ ರಾತ್ರಿ ಪಾಳಿಯ ಕೆಲಸಗಾರ. ಊರೆಲ್ಲ ಏಳುವ ಹೊತ್ತಿಗೆ ಮನೆಗೆ ಬಂದು ಮಲಗುವವನು. ಅದೇ ಹೊತ್ತಿಗೆ ಹಫೀಜಾ ನಲ್ಲಿಗೋ ಮಾರ್ಕೆಟ್ಟಿಗೋ ಹೋಗಿರುತ್ತಿದ್ದಳು. ಹೀಗಾಗಿ ಶಹಜಾದಿಗೆ ಬಾಗಿಲು ಕಾಯುವ ಭಾಗ್ಯ ಅವನದೇ ಆಯಿತು. ಒಂದು ರಾತ್ರಿ ಪಾಳಿಯಲ್ಲಿ ಕೈಗಾಡಿಗೆ ಒರಗಿ ನಿಂತಲ್ಲೇ ನಿದ್ದೆಹೋದ. ಮೇಸ್ತ್ರಿ ಬಂದು ಕಿವಿಯ ಹತ್ತಿರ ಕೂಗಿದಾಗ ಕಣ್ಣು ಬಿಡದೆಯೇ, “ಬಂದೆ ತಾಯಿ, ಬಂದೆ, ಬಾಗಿಲು ತೆಗೀತೀನಿ” ಎಂದುಬಿಟ್ಟ. ಅಂದಿನಿಂದ ಕಾರ್ಖಾನೆಯಲ್ಲಿ ಅವನ ಹೆಸರೇ ‘ಬಂದೆ ತಾಯಿ’ ಎಂದಾಯಿತು.

ಆ ಅವಮಾನ ಹೊತ್ತುಕೊಂಡು ಮನೆಗೆ ಬಂದವನು ಹೆಂಡತಿಯ ಮೇಲೆ ಹಾರಾಡಿದ. “ನೋಡು ಹಫೀಜಾ, ಈ ಮನೇಲಿ ಒಂದೋ ನಾನಿರಬೇಕು, ಇಲ್ಲ ನಿನ್ನ ಶಹಜಾದಿ ಇರಬೇಕು!”

ಹಫೀಜಾ ಬೆಕ್ಕನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. ಆ ಸದ್ದು ಹೆಂಡತಿಯದೋ ಬೆಕ್ಕಿನದೋ ಎಂದು ನೋಡುವ ಧೈರ್ಯವೂ ಅಬ್ಬಾಸ್ ಅಲಿಗೆ ಆಗಲಿಲ್ಲ.

ಮಾರನೆಯ ದಿನ ಅವನಿಗೆ ವಾರದ ರಜೆ. ಹಫೀಜಾ ಬೆಳಗಿನ ಬಸ್ಸಿಗೇ ಗಾಜನೂರಿನಲ್ಲಿದ್ದ ತಂಗಿ ಹಾಜರಾಳನ್ನು ನೋಡಿಕೊಂಡು ಬರುತ್ತೇನೆಂದು ಹೊರಟಳು. ಅವಳು ಹೋದ ಮೇಲೆ ಅಬ್ಬಾಸ್ ಅಲಿಗೆ ನಿದ್ದೆ ಹತ್ತಲಿಲ್ಲ. ಮಕ್ಕಳಿಲ್ಲದ ಮನೆ; ಇರುವ ಒಂದು ಬೆಕ್ಕಿಗೂ ತಾನು ಹಾಗೆ ಅನ್ನಬಾರದಿತ್ತು. ಆಗ ಅವನಿಗೆ ಕಾರ್ಖಾನೆಯ ಜರ್ಮನ್ ಎಂಜಿನಿಯರರ ಬಂಗಲೆಯ ಅಡುಗೆಯವನು ಹೇಳಿದ ಮಾತು ನೆನಪಾಯಿತು. ಅಲ್ಲಿ ಬಾಗಿಲಿನಲ್ಲೇ ಬೆಕ್ಕಿಗೆಂದು ಪುಟ್ಟ ಬಾಗಿಲಿದೆಯಂತೆ. ಬೆಕ್ಕು ತಾನೇ ತಳ್ಳಿಕೊಂಡು ಬರುತ್ತದೆ, ತಾನೇ ತಳ್ಳಿಕೊಂಡು ಹೋಗುತ್ತದೆ. ಸಾಹೇಬರು ಎಷ್ಟು ಬೇಕಾದರೂ ನಿದ್ದೆ ಮಾಡಬಹುದು.

‘ಹಫೀಜಾ ಸಂಜೆ ಬರುವಷ್ಟರಲ್ಲಿ ಮಾಡಿಬಿಡ್ತೀನಿ’ ಎಂದು ಅವನು ಎದ್ದು ಕೂತ.

ಹಿತ್ತಿಲ ಬಾಗಿಲು ತಗಡಿನದು. ಕೊರೆದರೆ ಬೆಕ್ಕಿನ ಬೆನ್ನು ಸಿಗಿದೀತು. ಉಳಿದದ್ದು ಮುಂಬಾಗಿಲು. ಅದು ಹೊನ್ನೆ ಮರದ್ದು. ಶಿವಶಂಕರಪ್ಪನವರು ಬಾಡಿಗೆಗೆ ಬಂದವರಿಗೆಲ್ಲ ಮನೆಗಿಂತ ಮೊದಲು ಅದನ್ನೇ ತೋರಿಸುತ್ತಿದ್ದರು. ‘ಒಂದು ಸಣ್ಣ ಕಂಡಿ, ಅವರಿಗೇನು ಗೊತ್ತಾಗುತ್ತೆ’ ಎಂದು ಧೈರ್ಯ ತಂದುಕೊಂಡು ಅಬ್ಬಾಸ್ ಅಲಿ ಪಕ್ಕದ ಮನೆಯ ಭೂತಪ್ಪನ ಹತ್ತಿರ ಗರಗಸ ಕೇಳಲು ಹೋದ.

ಭೂತಪ್ಪ ಗರಗಸ ಕೊಡಲಿಲ್ಲ. ಗರಗಸದ ಜೊತೆ ತಾನೇ ಬಂದ. ಯಾರ ಮನೆಯಲ್ಲಿ ಮೊಳೆ ಹೊಡೆದರೂ ಅಲ್ಲಿ ನಿಂತು ಸಲಹೆ ಕೊಡದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

“ಗರಗಸ ಅಂದ್ರೆ ಏನ್ ಅಂದ್ಕೊಂಡ್ರಿ ಸಾಬ್ರೆ? ಹೆಂಡ್ತಿ ಇದ್ದಂಗೆ. ಇನ್ನೊಬ್ರ ಕೈಗೆ ಕೊಡಕ್ಕಾಗಲ್ಲ. ಎಲ್ಲಿ, ಬೆಕ್ಕು ತನ್ನಿ, ಅಳತೆ ತಗಳ್ಳಾನ.”

ಬೆಕ್ಕು ಕಾಣಲಿಲ್ಲ. ಅಬ್ಬಾಸ್ ಅಲಿ ಮಂಚದ ಕೆಳಗೆ ನೋಡಿದ, ಅಟ್ಟದ ಮೇಲೆ ನೋಡಿದ. “ಎಲ್ಲೋ ಸುತ್ತಾಡಕ್ಕೆ ಹೋಗಿರಬೇಕು. ಬೇಕಾದಾಗ ಅದು ಯಾವತ್ತು ಸಿಕ್ಕಿದೆ ಭೂತಪ್ಪಣ್ಣ?” ಎಂದ.

ಇಬ್ಬರ ಮಾತು ಕೇಳಿ ಎದುರುಮನೆಯ ಈಶ್ವರಮ್ಮ ಬಂದಳು. ಅವಳ ಕಂಕುಳಲ್ಲಿ ಒಂದು ಬೂದುಗುಂಬಳಕಾಯಿ ಇತ್ತು.

“ಬೆಕ್ಕು ಯಾಕೆ ಬೇಕು ಅಬ್ಬಾಸಣ್ಣ? ಮೊನ್ನೆ ನಮ್ಮನೆ ಹಾಲಿಗೆ ಬಾಯಿ ಹಾಕ್ದಾಗ ಎತ್ತಿ ಹೊರಗೆ ಬಿಟ್ಟೋಳು ನಾನೇ. ಸರಿಯಾಗಿ ಈ ಕಾಯಿಯಷ್ಟೇ ಇದೆ. ಇದನ್ನಿಟ್ಟು ಗೆರೆ ಹಾಕಿ.”

ಬಾಗಿಲಿಗೆ ಕುಂಬಳಕಾಯಿ ಒತ್ತಿ ಹಿಡಿದು ಭೂತಪ್ಪ ಇದ್ದಿಲಿನಲ್ಲಿ ಗೆರೆ ಎಳೆದ. ಎಳೆದು ಮುಗಿಸುವಷ್ಟರಲ್ಲಿ ಈಶ್ವರಮ್ಮನಿಗೆ ಇನ್ನೊಂದು ಹೊಳೆಯಿತು.

“ಅಲ್ಲ, ಅದು ಹೆಣ್ಣುಬೆಕ್ಕಲ್ವಾ? ಬಸುರಿ ಆದ್ರೆ ಏನ್ ಮಾಡ್ತೀರಿ? ಹೊರಗೆ ಹೋಗಿದ್ದು ಹೊಟ್ಟೆ ಸಿಕ್ಕೊಂಡು ಅಲ್ಲೇ ಹೆರಬೇಕಾ ಪಾಪ?”

ಕಂಡಿ ನಾಲ್ಕು ಬೆರಳು ದೊಡ್ಡದಾಯಿತು. “ಮರಿಗಳನ್ನ ಬಾಯಲ್ಲಿ ಕಚ್ಕೊಂಡು ಬರುತ್ತಲ್ಲ, ಅದಕ್ಕೂ ಜಾಗ ಬೇಡ್ವಾ?” ಎಂದು ಭೂತಪ್ಪ ತಾನಾಗಿಯೇ ಇನ್ನೆರಡು ಬೆರಳು ಸೇರಿಸಿದ. ಅಬ್ಬಾಸ್ ಅಲಿ “ಸಾಕು, ಸಾಕು” ಎನ್ನುತ್ತಲೇ ಇದ್ದ. ಗರಗಸ ಆಗಲೇ ಹೊನ್ನೆ ಮರದ ಹೊಟ್ಟೆಗೆ ಇಳಿದಿತ್ತು.

ಕೊರೆದು ಮುಗಿದಾಗ ಮೂವರೂ ಹಿಂದೆ ಸರಿದು ನೋಡಿದರು. ಬೆಕ್ಕಿನ ಕಂಡಿ ಎಂದು ಹೇಳುವ ಹಾಗಿರಲಿಲ್ಲ. ಕುರಿಯೊಂದು ತಲೆ ತಗ್ಗಿಸಿದರೆ ಸಲೀಸಾಗಿ ಬರುವಷ್ಟಿತ್ತು.

“ಹಾವು ಬಂದ್ರೆ?” ಎಂದಳು ಈಶ್ವರಮ್ಮ.

“ನಾಯಿ ಬಂದ್ರೆ?” ಎಂದ ಭೂತಪ್ಪ, ಕಂಡಿ ಕೊರೆದವನು ಬೇರೆ ಯಾರೋ ಎಂಬಂತೆ.

ಹಾಗಾಗಿ ಮುಚ್ಚಳ ಬೇಕಾಯಿತು. ಒಂದು ಹಲಗೆಯೇನೋ ಸಿಕ್ಕಿತು. ಅದನ್ನು ಮೇಲಿನಿಂದ ತೂಗಬಿಡಲು ಚರ್ಮದ ಪಟ್ಟಿ ಬೇಕೆಂದ ಭೂತಪ್ಪ. ಗೂಟಕ್ಕೆ ನೇತುಹಾಕಿದ್ದ ಅಗಲವಾದ ಬೆಲ್ಟು ಅವನ ಕಣ್ಣಿಗೆ ಬಿತ್ತು. ಅದು ಅಬ್ಬಾಸ್ ಅಲಿ ಲುಂಗಿಯ ಮೇಲೆ ಬಿಗಿಯುವ ಬೆಲ್ಟು. ಅವನು “ಅರೆ, ಅರೆ!” ಎನ್ನುವುದರೊಳಗೆ ಭೂತಪ್ಪ ಅದನ್ನು ಎರಡು ತುಂಡು ಮಾಡಿ ಮೊಳೆ ಹೊಡೆದಾಗಿತ್ತು.

“ಇನ್ನು ನನ್ನ ಲುಂಗಿ?”

“ಲುಂಗಿಗೆ ಕೈ ಇದೆಯಲ್ಲ ಮಾರಾಯ್ರೆ. ಹಲಗೆಗೆ ಕೈ ಇದೆಯಾ?”

ಈಗ ಪರೀಕ್ಷೆ. ಮೊದಲು ಕುಂಬಳಕಾಯಿಯನ್ನು ಹೊರಗಿನಿಂದ ಉರುಳಿಸಿದರು. ಅದು ಹಲಗೆಯನ್ನು ತಳ್ಳಿಕೊಂಡು ಒಳಗೆ ಬಂದು, ನೇರವಾಗಿ ಹೋಗಿ ನೀರಿನ ಹಂಡೆಗೆ ಬಡಿದು ಎರಡು ಹೋಳಾಯಿತು. ಈಶ್ವರಮ್ಮ ಲಬೋ ಎಂದಳು. ಆದರೆ ಭೂತಪ್ಪನಿಗೆ ಸಮಾಧಾನವಾಗಲಿಲ್ಲ.

“ಕುಂಬಳಕಾಯಿಗೆ ಬುದ್ಧಿ ಇಲ್ಲ ಸಾಬ್ರೆ, ತಳ್ಳಿದ್ಕೆ ಬಂತು. ಬೆಕ್ಕು ತಲೆ ಹಾಕಿ ತಾನೇ ತಳ್ಳಬೇಕು. ತಲೆ ಇರೋರು ಯಾರಾದ್ರೂ ಮಾಡಿ ನೋಡಿದ್ರೇನೇ ಗೊತ್ತಾಗೋದು.”

ಹಾಗೆಂದು ಇಬ್ಬರೂ ಅಬ್ಬಾಸ್ ಅಲಿಯನ್ನು ನೋಡಿದರು. ರಾತ್ರಿಯ ನಿದ್ದೆಗೆಟ್ಟವನಿಗೆ ತನಗೆ ತಲೆ ಇದೆ ಎಂದು ಅವರಿಬ್ಬರೂ ಒಪ್ಪಿಕೊಂಡರಲ್ಲ ಎಂಬ ಹೆಮ್ಮೆಯೇ ದೊಡ್ಡದಾಗಿ ಕಂಡಿತು. ಈಶ್ವರಮ್ಮ ಹೊರಗೆ ನಿಂತಳು. ಭೂತಪ್ಪ ಒಳಗಿನಿಂದ ಬಾಗಿಲು ಹಾಕಿದ. ಅಬ್ಬಾಸ್ ಅಲಿ ಒಂದು ಕೈಯಲ್ಲಿ ಲುಂಗಿ ಹಿಡಿದು, ಮಂಡಿಯೂರಿ, ಶಹಜಾದಿಯ ಹಾಗೆ ಹಣೆಯಿಂದ ಹಲಗೆಯನ್ನು ತಳ್ಳಿದ. ಹಲಗೆ ಮೇಲೆದ್ದಿತು. ತಲೆ ಹೊರಗೆ ಹೋಯಿತು. ಹಲಗೆ ಕೆಳಗಿಳಿದು, ಪೊಲೀಸಿನವನು ಕಳ್ಳನ ಕತ್ತು ಹಿಡಿದ ಹಾಗೆ, ಅವನ ಕತ್ತಿನ ಮೇಲೆ ಕೂತುಬಿಟ್ಟಿತು.

ಹಿಂದಕ್ಕೆ ಎಳೆದುಕೊಂಡರೆ ಕಿವಿ ಅಡ್ಡ ಬಂತು. ಮುಂದಕ್ಕೆ ಹೋದರೆ ಭುಜ ಅಡ್ಡ ಬಂತು.

“ಭೂತಪ್ಪಣ್ಣ, ಎಳೀರಿ!”

ಭೂತಪ್ಪ ಒಳಗಿನಿಂದ ಸಿಕ್ಕಿದ್ದನ್ನು ಹಿಡಿದು ಎಳೆದ. ಸಿಕ್ಕಿದ್ದು ಲುಂಗಿ. ಅದು ಬಂತು, ಅಬ್ಬಾಸ್ ಅಲಿ ಬರಲಿಲ್ಲ.

“ಅಯ್ಯೋ, ಅದನ್ನ ಬಿಡ್ರೀ, ಅದನ್ನ ವಾಪಸ್ ಕೊಡ್ರೀ!”

“ಎಣ್ಣೆ ಹಚ್ಚಿದ್ರೆ ಜಾರುತ್ತೆ” ಎಂದು ಈಶ್ವರಮ್ಮ ಮನೆಯಿಂದ ಹರಳೆಣ್ಣೆಯ ಗಿಂಡಿ ತಂದು, ಎಣ್ಣೆಸ್ನಾನ ಮಾಡಿಸುವ ಹಾಗೆ ಅವನ ನೆತ್ತಿಯ ಮೇಲೆ ಸುರಿದು ತಟ್ಟತೊಡಗಿದಳು. ಎಣ್ಣೆ ಕಣ್ಣಿಗಿಳಿಯಿತು. ಕೋಳಿಯೊಂದು ಬಂದು, ಇಷ್ಟು ತಗ್ಗಿನಲ್ಲಿ ಮನುಷ್ಯನ ಮುಖ ಎಂದೂ ನೋಡಿಲ್ಲವೆಂಬಂತೆ, ಕತ್ತು ಓರೆ ಮಾಡಿ ಅವನ ಮೀಸೆಯನ್ನು ಪರೀಕ್ಷೆ ಮಾಡಿತು.

ಆಗ ಎಣ್ಣೆಗಣ್ಣಿನಲ್ಲಿ ಅಬ್ಬಾಸ್ ಅಲಿಗೆ ಎರಡು ಕಪ್ಪು ಬೂಟು ಕಂಡವು. ಬೂಟಿನ ಮೇಲೆ ಕಚ್ಚೆ ಪಂಚೆ. ಪಂಚೆಯ ಪಕ್ಕದಲ್ಲಿ ಬೆಳ್ಳಿ ಹಿಡಿಯ ಕೋಲು. ಅದರ ಮೇಲೆ ನೋಡುವಷ್ಟು ಕತ್ತು ಎತ್ತಲು ಆಗಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

“ಸಾಬ್ರೆ, ಮನೇಲಿದೀರಾ?” ಎಂದರು ಶಿವಶಂಕರಪ್ಪ, ಅಭ್ಯಾಸ ಬಲದಿಂದ.

“ಮುಕ್ಕಾಲು ಪಾಲು ಇದೀನಿ ಯಜಮಾನ್ರೆ.”

ಶಿವಶಂಕರಪ್ಪನವರು ಬಾಗಿ ನೋಡಿದರು. ಮೊದಲು ತಲೆ ನೋಡಿದರು. ಆಮೇಲೆ ಕಂಡಿ ನೋಡಿದರು. ತಲೆಯ ವಿಚಾರದಲ್ಲಿ ಅವರಿಗೆ ಅಷ್ಟೇನೂ ಬೇಸರವಾದಂತೆ ಕಾಣಲಿಲ್ಲ.

“ನನ್ನ ಬಾಗಿಲು! ಹೊನ್ನೆ ಬಾಗಿಲು! ನಮ್ಮಪ್ಪ ನನಗೂ ಹೊಡೀತಿದ್ದ, ಆದ್ರೆ ಈ ಬಾಗಿಲಿಗೆ ಒಂದು ಮೊಳೆ ಹೊಡೆದೋನಲ್ಲ! ನಾಳೇನೇ ಮನೆ ಖಾಲಿ ಮಾಡಿ. ತಲೆ ಬರದೆ ಇದ್ರೆ ಬಾಗಿಲು ಸಮೇತ ಹೊರಡಿ!”

ಅಬ್ಬಾಸ್ ಅಲಿಯ ಕಣ್ಣಲ್ಲಿ ನೀರು ಬಂತು. ಅದಕ್ಕೆ ಎಣ್ಣೆಯ ನೆಪವಿತ್ತು. ಜನ್ನಾಪುರದಲ್ಲಿ ಆ ಬಾಡಿಗೆಗೆ ಇನ್ನೊಂದು ಮನೆ ಎಲ್ಲಿಂದ ಬರಬೇಕು? ಹಫೀಜಾ ಸಂಜೆ ಬಂದು ಏನೆಂದಾಳು?

ಕಾಪಾಡಲು ಬಂದವಳು ಈಶ್ವರಮ್ಮ. ಅರ್ಧ ಅಪರಾಧ ಅವಳದೇ ಆದ್ದರಿಂದ ಅವಳ ಮಾತಿಗೆ ಎರಡು ಪಟ್ಟು ಕಸುವಿತ್ತು.

“ಬಾಗಿಲು ಬಾಗಿಲು ಅಂತೀರಲ್ಲ ಯಜಮಾನ್ರೆ, ನಿಮ್ಮ ಉಗ್ರಾಣದಲ್ಲಿ ಇಲಿ ಎಷ್ಟು ಮೂಟೆ ಭತ್ತ ತಿಂದಿದೆ ನೋಡಿದೀರಾ? ಅಬ್ಬಾಸಣ್ಣನ ಬೆಕ್ಕು ಅಂದ್ರೆ ಬೆಕ್ಕಲ್ಲ, ಹುಲಿ! ಅದು ಹೊತ್ತಿಲ್ಲದ ಹೊತ್ತಲ್ಲಿ ಬೇಟೆಗೆ ಹೋಗ್ಲಿ, ಸಾಲುಮನೆ ಎಲ್ಲ ಉಳೀಲಿ ಅಂತ ತಾನೆ ಈ ಪಾಪದ ಮನುಷ್ಯ ಕತ್ತು ಕೊಟ್ಟಿರೋದು?”

ಶಿವಶಂಕರಪ್ಪನವರ ಕೋಲು ನಿಧಾನವಾಗಿ ನೆಲಕ್ಕಿಳಿಯಿತು. ಸಾಲಿನ ಕೊನೆಯಲ್ಲಿದ್ದ ಉಗ್ರಾಣದ ಇಲಿಗಳು ಅವರ ನಿದ್ದೆಯನ್ನೂ ಕೆಡಿಸಿದ್ದವು.

“ನಿಜವಾಗ್ಲೂ ಹಿಡಿಯುತ್ತಾ?”

“ಹಿಡಿಯೋದಾ?” ಎಂದಿತು ಬಾಗಿಲಿನ ತಲೆ. “ಹೆಗ್ಗಣಗಳು ಅದನ್ನ ನೋಡಿ ಸಲಾಮು ಮಾಡಿ ಪಕ್ಕಕ್ಕೆ ಸರೀತವೆ ಯಜಮಾನ್ರೆ. ಅಲ್ಲಾನ ಆಣೆಗೂ ಹೇಳ್ತೀನಿ, ನಿಮ್ಮ ಸೇವೆಗೆ ಕಳಿಸ್ಕೊಡ್ತೀನಿ.”

ಒಪ್ಪಂದವಾಯಿತು. ದೀಪ ಹಚ್ಚುವ ಹೊತ್ತಿಗೆ ಶಿವಶಂಕರಪ್ಪನವರೇ ಬಂದು ಬೆಕ್ಕನ್ನು ಉಗ್ರಾಣಕ್ಕೆ ಕರೆದೊಯ್ಯುವುದು. ಇಲಿ ಹಿಡಿದರೆ ಬಾಗಿಲಿನ ಅಪರಾಧ ಮಾಫಿ. ಬೆಕ್ಕು ಇಲ್ಲವೆಂದಾದರೆ ಅಬ್ಬಾಸ್ ಅಲಿ ಮನೆ ಖಾಲಿ ಮಾಡುವುದು. ಇಷ್ಟು ಹೇಳಿ, ಮಾತು ಮುಗಿದ ಗುರುತಿಗೆಂದು ಅವರು ಬೂಟುಗಾಲಿನಿಂದ ಬಾಗಿಲನ್ನು ಒಮ್ಮೆ ಒದ್ದರು. ಆ ಪೆಟ್ಟಿಗೆ ಹಲಗೆ ಸಡಿಲಿ, ಎಣ್ಣೆ ಕೆಲಸ ಮಾಡಿ, ಅಬ್ಬಾಸ್ ಅಲಿ ಬಾಟಲಿಯ ಬಿರಡೆಯಂತೆ ಒಳಕ್ಕೆ ಹಾರಿ ಭೂತಪ್ಪನ ಮೇಲೆ ಬಿದ್ದ.

ಮಧ್ಯಾಹ್ನವೆಲ್ಲ ಅವನು ಹಲಗೆಯ ಅಂಚು ನಯಮಾಡಿದ, ಕುಂಬಳಕಾಯಿಯ ಬೀಜ ಗುಡಿಸಿದ. ಶಹಜಾದಿಗೆಂದು ಒಂದು ಬಟ್ಟಲು ಹಾಲನ್ನೂ ಕಂಡಿಯ ಮುಂದೆ ಇಟ್ಟ. ಕಿವಿಗಳು ಕುಲುಮೆಯಿಂದ ಆಗತಾನೆ ತೆಗೆದ ಕಬ್ಬಿಣದ ಹಾಗೆ ಕೆಂಪಗಿದ್ದವು. ಆದರೂ ಮನಸ್ಸು ತಂಪಾಗಿತ್ತು. ಮನೆ ಉಳಿಯಿತು, ನಿದ್ದೆ ಉಳಿಯಿತು, ಹೆಂಡತಿಯ ಮುಖದಲ್ಲಿ ನಗುವೂ ಬರುತ್ತದೆ.

ಸಂಜೆ ಹಫೀಜಾ ಬಂದಳು. ಬಾಗಿಲ ಮುಂದೆ ನಿಂತು ಕಂಡಿಯನ್ನು ನೋಡಿದಳು, ಗಂಡನ ಕಿವಿಗಳನ್ನು ನೋಡಿದಳು.

“ಇದೇನಿದು?”

“ಶಹಜಾದಿ ಬಾಗಿಲು!” ಅಬ್ಬಾಸ್ ಅಲಿ ಹಲಗೆಯನ್ನು ಎತ್ತಿ ಬಿಟ್ಟು ತೋರಿಸಿದ. “ಇನ್ಮೇಲೆ ಅವಳು ಬೇಕಾದಾಗ ಬರ್ತಾಳೆ, ಬೇಕಾದಾಗ ಹೋಗ್ತಾಳೆ. ನಿನ್ನೆ ಬಾಯಿ ತಪ್ಪಿ ಅಂದೆ, ಮನಸ್ಸಿಗೆ ಹಚ್ಕೋಬೇಡ. ಬೆಳಗ್ಗೆಯಿಂದ ಕಂಡಿಲ್ಲ, ಎಲ್ಲಿದಾಳೋ, ಕರಿ.”

ಹಫೀಜಾ ಹೊಸ್ತಿಲ ಮೇಲೆ ಕುಸಿದು ಕೂತಳು.

“ನೀವು ನಿದ್ದೆ ಇಲ್ದೆ ಸಾಯ್ತಿದೀರಿ ಅಂತ, ಎದೆ ಕಲ್ಲು ಮಾಡ್ಕೊಂಡು ಬುಟ್ಟೀಲಿ ಹಾಕ್ಕೊಂಡು ಹೋದೆ. ಹಾಜರಾಗೆ ಕೊಟ್ಟು ಬಂದೆ. ಶಹಜಾದಿಗೇನ್ರೀ, ಹೊಳೆ ಮೀನು ಬಾಯಿಗೆ ಬೀಳ್ತಿದ್ದಂಗೆ ನನ್ನ ಕಡೆ ತಿರುಗೂ ನೋಡಲಿಲ್ಲ. ನೀವು ಇನ್ನು ಹಾಯಾಗಿ ಮಲಗಿ.”

ಅಬ್ಬಾಸ್ ಅಲಿಯ ಬಾಯಿ ಕಂಡಿಯಷ್ಟೇ ಅಗಲವಾಯಿತು. ಅವನು ಹೆಂಡತಿಯನ್ನು ಒಳಗೆಳೆದು ಅಗಳಿ ಹಾಕಿ, ನಡೆದದ್ದನ್ನೆಲ್ಲ ಪಿಸುಮಾತಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಹೊರಗೆ ಬೂಟಿನ ಸದ್ದಾಯಿತು.

“ಸಾಬ್ರೆ! ಬೆಕ್ಕು ಇದೆಯಾ?”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಹಲಗೆಯ ಕೆಳಗಿನಿಂದ ಕೋಲಿನ ತುದಿ ಒಳಗೆ ಬಂದು ಅತ್ತಿತ್ತ ತಡಕಾಡಿತು.

“ಇಲ್ವಾ ಹಂಗಾದ್ರೆ?” ದನಿ ಗಡುಸಾಯಿತು.

ಅಬ್ಬಾಸ್ ಅಲಿ ಹಣೆಯ ಬೆವರು ಒರೆಸಿಕೊಂಡ. ಕಣ್ಣು ಮುಚ್ಚಿದ. ಕಂಡಿಯ ಹತ್ತಿರ ಬಾಯಿ ತಂದು, ಎದೆಯಾಳದಿಂದ, ಜೀವವೆಲ್ಲ ಬಾಯಿಗೆ ತಂದುಕೊಂಡು “ಮ್ಯಾಂವ್” ಎಂದ.

ಕಂಡಿಯಿಂದ ಕೋಲಿನ ತುದಿ ಸರಕ್ಕನೆ ಹಿಂದೆ ಸರಿಯಿತು.

“ಭೇಷ್! ಏನ್ ಗಂಟಲು ಮಾರಾಯ್ರೆ, ಹುಲೀನೇ ಸೈ!” ಶಿವಶಂಕರಪ್ಪನವರು ಉಸ್ಸಪ್ಪಾ ಎಂದು ಬಾಗಿಲ ಮುಂದೆ ನೆಲದ ಮೇಲೆ ಕೂತದ್ದೂ, ಗೋಣಿಚೀಲವೊಂದನ್ನು ಕೊಡವಿ ಅದರ ಬಾಯನ್ನು ಕಂಡಿಗೆ ಹಿಡಿದದ್ದೂ ಒಳಗಿನವರಿಗೆ ಸ್ಪಷ್ಟವಾಗಿ ಕೇಳಿಸಿತು. “ಹೂಂ, ಬಿಡಿ ಈ ಕಡೆ. ಅವಸರ ಏನಿಲ್ಲ ಸಾಬ್ರೆ, ಅದು ಬರೋವರೆಗೂ ಇಲ್ಲೇ ಕೂತಿರ್ತೀನಿ.”