ಚುಕ್ಕಿರಾಯರ ತಿರುಗುವ ಕುರ್ಚಿ

ಚುಕ್ಕಿರಾಯರು ಆ ಬೆಳಿಗ್ಗೆ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರವಿಟ್ಟು ಹಲ್ಲುಜ್ಜಲು ಹೋಗದೆ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ, ಇಸ್ತ್ರಿಪೆಟ್ಟಿಗೆ ವಾಪಸು ಕೊಡಲು ಬಂದಿದ್ದ ಪಕ್ಕದ ಮನೆಯ ಟೈಲರಮ್ಮ ಮೇಜಿನ ಮೇಲೆ ಬಗ್ಗಿ ನಿಂತಿದ್ದರು.

“ಇದೇನು ಸಾರ್, ನಮ್ಮ ಬೀದಿ ಮೇಲೆ ಖಾರದಪುಡಿ ಚೆಲ್ಲಿದ ಹಾಗಿದೆ?”

ಖಾರದಪುಡಿಯಲ್ಲ, ಅದು ಬಸವನಹುಳು. ಎಲ್ಲಿಂದಲೋ ಹಡಗು ಹತ್ತಿ ಬಂದಿಳಿದು, ಸಿಕ್ಕಿದ ಸಸಿಯನ್ನೆಲ್ಲ ಬೋಳಿಸುವ ಅಂಗೈಯುದ್ದದ ಪರದೇಶಿ ಬಸವನಹುಳು ಈಗ ಎಲ್ಲಿದೆ, ಮುಂದೆ ಎಲ್ಲಿಗೆ ಹಬ್ಬಬಹುದು ಎಂದು ನಕ್ಷೆ ಮಾಡುವುದು ಬೆಳೆ ರಕ್ಷಣೆ ಕಚೇರಿಯಲ್ಲಿ ಅವರ ಕೆಲಸ. ಹುಳು ಕಂಡ ಜನ ಮೊಬೈಲಿನಲ್ಲಿ ಫೋಟೋ ಕಳಿಸುತ್ತಾರೆ. ಒಂದು ಫೋಟೋಗೆ ಒಂದು ಚುಕ್ಕಿ. ಚುಕ್ಕಿಗಳ ಜೊತೆಗೆ ಮಳೆ, ಬಿಸಿಲು, ಮಣ್ಣಿನ ತೇವ ಎಲ್ಲವನ್ನೂ ಉಣಿಸಿದರೆ ಕಂಪ್ಯೂಟರು ಬಣ್ಣ ಬಳಿದು ಕೊಡುತ್ತದೆ. ಕೆಂಪು ಎಂದರೆ ಹುಳು ಸಂಸಾರ ಹೂಡಿದೆ. ಹಳದಿ ಎಂದರೆ, ಬಂದರೆ ಬದುಕಿಕೊಳ್ಳುತ್ತದೆ. ಬಿಳಿ ಎಂದರೆ ಹೊದ್ದು ಮಲಗಬಹುದು. ಚುಕ್ಕಿಯಿಟ್ಟೂ ಇಟ್ಟೂ ಅವರ ಸ್ವಂತ ಹೆಸರು ಹೆಂಡತಿಗೇ ಮರೆತುಹೋದಂತಿತ್ತು.

ಇದಕ್ಕೆ ಮೊದಲು ಅವರು ವರ್ಷಗಟ್ಟಲೆ ಗಂಬೂಟು ಹಾಕಿ, ಹೆಗಲಿಗೆ ಗೋಣಿಚೀಲ ಏರಿಸಿ, ಕೆಸರಿನಲ್ಲಿ ಮೊಣಕಾಲೂರಿ ಹುಳು ಹೆಕ್ಕಿದವರು. ಮೊಣಕಾಲುಗಳು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟತೊಡಗಿದ ಮೇಲೆ, ಕಂಪ್ಯೂಟರು ಕಲಿತು, ಒಂದು ತಿರುಗುವ ಕುರ್ಚಿ ಸಂಪಾದಿಸಿದ್ದರು. ಅದೂ ತಾತ್ಕಾಲಿಕ. ಇವತ್ತು ದೊಡ್ಡ ಮೇಡಂ ನಕ್ಷೆ ನೋಡುತ್ತಾರೆ. ಮೆಚ್ಚಿದರೆ ಕುರ್ಚಿ ಖಾಯಂ, ಇಲ್ಲವಾದರೆ ಮತ್ತೆ ಗೋಣಿಚೀಲ.

ಟೈಲರಮ್ಮನ ಬಾಯಿಗೆ ಬಿದ್ದ ಸುದ್ದಿ ಬೀದಿ ಸುತ್ತಲು ಎಷ್ಟು ಹೊತ್ತು ಬೇಕು? ಚುಕ್ಕಿರಾಯರು ಅಂಗಿಯ ಗುಂಡಿ ಹಾಕಿ ಮುಗಿಸುವಷ್ಟರಲ್ಲಿ ಗೇಟಿನ ಮುಂದೆ ಸಭೆ ಸೇರಿತ್ತು.

“ನಾಳೆ ನಮ್ಮನೆ ನೋಡೋಕ್ಕೆ ಬಾಡಿಗೆಯವರು ಬರ್ತಿದ್ದಾರೆ,” ಎಂದರು ಟೈಲರಮ್ಮನ ಆಚೆಮನೆಯ ಪೋಸ್ಟ್‌ಮಾಸ್ತರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಮಾತು ಈಗಲೂ ಮುದ್ರೆ ಒತ್ತಿದ ಹಾಗೆ. “ಮೊದಲು ಆ ಕೆಂಪು ಅಳಿಸ್ರೀ!”

“ನನ್ನ ಬ್ರೆಡ್ ಯಾರು ತಗೋತಾರೆ ಹೇಳಿ!” ಮೂಲೆಮನೆಯ ಬೇಕರಿಯವನು ಹಿಟ್ಟಿನ ಕೈಯನ್ನೇ ಆಡಿಸಿದ. ಚುಕ್ಕಿರಾಯರ ಕನ್ನಡಕದ ಮೇಲೆ ಮಂಜು ಬಿದ್ದ ಹಾಗಾಯಿತು.

“ನಾನೇನು ಮಾಡ್ಲಿ? ಫೋಟೋ ಕಳಿಸಿದೋರು ನೀವೇ ಅಲ್ವಾ?”

ನಿಜ. ಮೂವರೂ ಪೈಪೋಟಿಯ ಮೇಲೆ ಕಳಿಸಿದ್ದರು. ಜಗುಲಿಯಲ್ಲಿ ಕೂತು ಗಂಡನ ಮೊಬೈಲಿನಲ್ಲಿ ಆ ಫೋಟೋಗಳನ್ನು ಸರಿಸುತ್ತಿದ್ದ ಹೆಂಡತಿ ತಲೆಯೆತ್ತಿದಳು. “ರೀ, ಇಲ್ಲಿ ನೋಡಿ. ಎಲ್ಲಾ ಹುಳೂ ಬೆನ್ನ ಮೇಲೆ ಹಸಿರು ಬಣ್ಣ ಬಳ್ಕೊಂಡಿದೆ.”

“ಅದರ ಜಾತಿಯೇ ಹಾಗಿರಬೇಕು,” ಎಂದರು ಪೋಸ್ಟ್‌ಮಾಸ್ತರು.

“ಜಾತಿ ಅಲ್ಲ ಮಾಸ್ತರೇ, ಇದು ಒಂದೇ ಹುಳು! ಟೈಲರಕ್ಕ, ಫೋಟೋ ತೆಗೆದ ಮೇಲೆ ನೀವು ಅದನ್ನ ಏನು ಮಾಡ್ತೀರಿ?”

ಟೈಲರಮ್ಮ ಸೆರಗಿನ ತುದಿ ನೋಡಿಕೊಂಡರು. “ಕೊಲ್ಲೋಕ್ಕೆ ಮನಸ್ಸು ಬರಲ್ಲಮ್ಮ. ಕಸದ ಮೊರದಲ್ಲಿ ಎತ್ತಿ... ಮಾಸ್ತರ ಕಡೆ ಗೋಡೆ ದಾಟಿಸ್ತೀನಿ.”

“ಓಹೋ, ನೀವೇನಾ! ನಾನು ಪಾಪ ಅಂತ ಬೇಕರಿ ಕಡೆ ಬಿಡ್ತಾ ಇದ್ದೆ.”

“ನಾನು ಹಿಂದಿನ ಓಣಿ ಗೋಡೆ ಆಚೆ,” ಎಂದ ಬೇಕರಿಯವನು. ಆ ಗೋಡೆಯ ಆಚೆ ಇದ್ದದ್ದು ಚುಕ್ಕಿರಾಯರ ಹಿತ್ತಿಲು.

“ಅಂದ್ರೆ ಮೊದಲು ನನ್ನ ಕಡೆ ದಾಟಿಸಿದ್ದು ಯಾರು?” ಎಂದರು ಟೈಲರಮ್ಮ.

ಎಲ್ಲರ ಕಣ್ಣೂ ಚುಕ್ಕಿರಾಯರ ಗೇಟಿನ ಮೇಲೆ ನಿಂತಿತು. ಹೊಸ ಹಸಿರು ಬಣ್ಣ ಬಿಸಿಲಿಗೆ ಮಿರಿಮಿರಿ ಮಿಂಚುತ್ತಿತ್ತು. ಹೋದ ತಿಂಗಳು ಅದನ್ನು ಬಳಿಯುತ್ತಿದ್ದಾಗ ಕಾಲ ಬಳಿ ಸಿಕ್ಕ ಹುಳುವನ್ನು ಕುಂಚದಿಂದಲೇ ತಳ್ಳಿ, ಅತ್ತಿತ್ತ ನೋಡಿ ಪಕ್ಕದ ಮನೆಗೆ ದಾಟಿಸಿದ್ದವರು ಈಗ ಜೋರಾಗಿ ಕೆಮ್ಮಿದರು.

ಹುಳು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಕೆಳಗೇ ಸಿಕ್ಕಿತು. ಮೇಡಂಗೆ ಸಾಕ್ಷಿಯಾಗಿ ಇದೊಂದೇ ಸಾಕು ಎಂದು ಚುಕ್ಕಿರಾಯರು ಊಟದ ಡಬ್ಬಿ ಖಾಲಿ ಮಾಡಿ ಅದರಲ್ಲಿ ಕೂರಿಸಿದರು.

“ಮುಚ್ಚಳ ಸ್ವಲ್ಪ ಸಡಿಲ ಬಿಡಿ, ಉಸಿರು ಕಟ್ಟೀತು,” ಎಂದು ಪೋಸ್ಟ್‌ಮಾಸ್ತರು ಸಲಹೆ ಕೊಟ್ಟರು. ಬೆಳಗಿನಿಂದ ಮೊದಲ ಸಲ ಮೆತ್ತಗೆ ಆಡಿದ ಮಾತು; ಹೇಗೆ ತಳ್ಳಿಹಾಕುವುದು?

ಕಚೇರಿಯಲ್ಲಿ ಡಬ್ಬಿಯ ಚೀಲವನ್ನು ಕಿಟಕಿಗೆ ತೂಗುಹಾಕಿ, ಒಂದೇ ಹುಳುವಿನ ಫೋಟೋಗಳನ್ನೆಲ್ಲ ಕಿತ್ತುಹಾಕಿ, ಚುಕ್ಕಿರಾಯರು ಕಂಪ್ಯೂಟರನ್ನು ಹೊಸದಾಗಿ ಓಡಿಸಿದರು. ಅದು ಮಧ್ಯಾಹ್ನದವರೆಗೂ ಮುಲುಕಿ ಮುಲುಕಿ ಕೊನೆಗೆ ನಕ್ಷೆ ಹೆತ್ತಿತು. ಅವರ ಬೀದಿಯ ಕೆಂಪು ಇಳಿದುಹೋಗಿತ್ತು. ಆದರೆ ಊರ ನಡುವೆ, ಸುತ್ತ ಬೇರೆಲ್ಲೂ ಇಲ್ಲದ ಒಂದು ಹಳದಿ ಮಚ್ಚೆ.

ದೊಡ್ಡ ಮೇಡಂ ಕನ್ನಡಕ ಏರಿಸಿದರು. “ಇದು ನಮ್ಮ ಆಫೀಸಲ್ವೇನ್ರೀ?”

“ಹೌದು ಮೇಡಂ. ನೆರಳಿದೆ, ಕುಂಡಗಳಿಗೆ ದಿನಾ ನೀರು ಬೀಳುತ್ತೆ. ಹುಳು ಬಂದಿದೆ ಅಂತಲ್ಲ, ಬಂದ್ರೆ ಬದುಕುತ್ತೆ ಅಂತ.”

“ಸುತ್ತ ಬರೀ ಸಿಮೆಂಟು. ಹೆಂಗ್ರೀ ಬರುತ್ತೆ, ಬಸ್ ಹತ್ಕೊಂಡಾ?”

ಚುಕ್ಕಿರಾಯರು ನಕ್ಕು, ಬೆಳಗಿನ ಕತೆ ಹೇಳಿದರು. ಹಸಿರು ಬೆನ್ನಿನ ಗುರುತು ಹಿಡಿದದ್ದು ಹೆಂಡತಿ ಎನ್ನುವ ಜಾಗದಲ್ಲಿ ಮಾತ್ರ ನಾಲಗೆ ತುಸು ಹೊರಳಿ “ನಾನು” ಎಂದುಬಿಟ್ಟಿತು. “ಇಲ್ಲೇ ಇದೆ ನೋಡಿ ಮೇಡಂ!” ಎಂದು ಜಾದೂಗಾರನ ಠೀವಿಯಿಂದ ಡಬ್ಬಿ ತೆರೆದರು.

ಡಬ್ಬಿಯಲ್ಲಿ ಲೋಳೆಯ ಗೆರೆ ಮಾತ್ರ ಇತ್ತು.

“ಮೇಡಮ್ಮೋ!” ಕಿಟಕಿಯಾಚೆಯಿಂದ ಮಾಲಿ ಕೂಗಿದ. “ನಿಮ್ಮ ಗುಲಾಬಿ ಕುಂಡದಲ್ಲಿ ಯಾವುದೋ ಹಸಿರು ಬೆನ್ನಿನ ಪ್ರಾಣಿ ಮೊಟ್ಟೆ ಇಟ್ಟು ಕೂತಿದೆ!”

ಮಣ್ಣು ಕೆದಕಿದರೆ ಮುತ್ತಿನಂಥ ಮೊಟ್ಟೆಗಳ ರಾಶಿ. ಮಾಲಿ ಒಂದನ್ನೂ ಬಿಡದೆ ಬಕೆಟ್ಟಿಗೆ ತುಂಬಿ, ಹುಳುವನ್ನೂ ಸೇರಿಸಿ ಕುದಿಯುವ ನೀರು ಸುರಿದ. ಚುಕ್ಕಿರಾಯರಿಗೆ ಕುರ್ಚಿ ತಾನಾಗಿಯೇ ತಿರುಗಿ ಬಾಗಿಲ ಕಡೆ ಹೊರಟ ಹಾಗೆ ಕಂಡಿತು. ಆದರೆ ಮೇಡಂ ನಗುತ್ತಿದ್ದರು.

“ಭೇಷ್ ಕಣ್ರೀ! ಬಂದ್ರೆ ಬದುಕುತ್ತೆ ಅಂದ್ರಿ, ಬಂತು, ಮೊಟ್ಟೆನೂ ಇಡ್ತು. ನಿಮ್ಮ ನಕ್ಷೆ ನಂಬಬಹುದು. ಹಳದಿ ಇರೋ ಕಡೆಯೆಲ್ಲ ಕೆಂಪಾಗೋ ಮೊದಲೇ ಹೋಗಿ ಹುಡುಕೋಣ. ಈ ಸಲ ಗೆದ್ದೇ ಗೆಲ್ತೀವಿ!”

“ಹಾಗಾದ್ರೆ ಕುರ್ಚಿ, ಮೇಡಂ...?”

“ಕುರ್ಚಿಯಲ್ಲಿ ಕೂತ್ಕೊಳ್ಳೋಕ್ಕೆ ಯಾರಾದ್ರೂ ಸಿಕ್ತಾರೆ. ಬೆನ್ನು ನೋಡಿ ಇಂಥದ್ದೇ ಹುಳು ಅಂತ ಗುರುತು ಹಿಡಿಯೋ ಕಣ್ಣು ನಿಮಗೆ ಬಿಟ್ಟು ಇನ್ಯಾರಿಗಿದೆ? ನಾಳೆಯಿಂದಲೇ ಗಂಬೂಟು ಹಾಕ್ಕೊಳ್ಳಿ.”

ಸಂಜೆ ಚುಕ್ಕಿರಾಯರು ಬೀದಿಗೆ ಕಾಲಿಟ್ಟಾಗ ಬೇಕರಿಯವನೂ ಪೋಸ್ಟ್‌ಮಾಸ್ತರೂ ಒಂದೇ ಬಕೆಟ್ಟು ಹಿಡಿದು, ಮೋರಿಯ ಸಂದಿಗಳಲ್ಲಿ ಬಗ್ಗಿ ಬಗ್ಗಿ ಹುಡುಕುತ್ತಿದ್ದರು. ಇನ್ನು ಯಾರೂ ಗೋಡೆ ದಾಟಿಸುವುದಿಲ್ಲವೆಂದು ಬೀದಿಯೇ ಮಾತು ಕೊಟ್ಟುಕೊಂಡಿತ್ತಂತೆ. ಟೈಲರಮ್ಮ ಗೇಟಿನ ಬಳಿ ಕಾದಿದ್ದರು. ಕೈಯಲ್ಲಿ ಅಂಚಿಗೆ ನೆರಿಗೆ ಹಾಕಿ ಹೊಲಿದ, ಉಬ್ಬಿದ ಹತ್ತಿಯ ಮೆತ್ತೆ.

“ಬೆಳಿಗ್ಗೆ ಸುಮ್ಮನೆ ಬೀದಿಗೆಲ್ಲ ಹೇಳ್ಬಿಟ್ಟೆ. ತಪ್ಪು ತಿಳ್ಕೋಬೇಡಿ ಸಾರ್. ನಿಮ್ಮ ತಿರುಗೋ ಕುರ್ಚಿಗೆ ಅಂತಲೇ ಹೊಲಿದೆ.”

ಚುಕ್ಕಿರಾಯರು ಮೆತ್ತೆಯನ್ನು ಒತ್ತಿ ನೋಡಿದರು. ಬಹಳ ಚೆನ್ನಾಗಿತ್ತು. ಬಗ್ಗಿ ತಮ್ಮ ಮೊಣಕಾಲುಗಳನ್ನೊಮ್ಮೆ ನೋಡಿಕೊಂಡರು.

“ಅಕ್ಕ, ಇದನ್ನ ಮಧ್ಯಕ್ಕೆ ಕತ್ತರಿಸಿ, ಎರಡಕ್ಕೂ ಲಾಡಿ ಹಾಕಿ ಕೊಡ್ತೀರಾ?”