ಸ್ಪ್ರಿಂಗಣ್ಣನ ನೋವಿಲ್ಲದ ವೆಬ್‌ಸೈಟು

"ಸಂಜೆ ಆರು ಗಂಟೆಯೊಳಗೆ ನಮ್ಮ ಅಂಗಡಿಗೊಂದು ವೆಬ್‌ಸೈಟು! ನಾನೇ ಮಾಡ್ತೀನಿ, ನನ್ನ ಕೈಯಾರೆ! ಯಾರೂ ಮೂಗು ತೂರಿಸಕೂಡದು!"

ಭಾನುವಾರ ಬೆಳಗ್ಗೆ ಸ್ಪ್ರಿಂಗಣ್ಣ ಹೀಗೆ ಘೋಷಿಸಿದಾಗ ಅವನ ಒಂದು ಕೈಯಲ್ಲಿ ಮಗಳ ಲ್ಯಾಪ್‌ಟಾಪು, ಇನ್ನೊಂದು ಕೈಯಲ್ಲಿ ಇಕ್ಕಳ. ಹಳೆಯ ಕುರ್ಚಿ, ಸೋಫಾಗಳಿಗೆ ಸ್ಪ್ರಿಂಗು ಕೂರಿಸಿ, ಸ್ಪಂಜು ತುಂಬಿ, ಹೊಸ ಬಟ್ಟೆ ಹೊದಿಸಿ ಕೊಡುವುದು ಅವನ ಮೂವತ್ತು ವರ್ಷದ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಯವರು ಇಟ್ಟ ಅಡ್ಡಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತೆಂದರೆ, ಹೆತ್ತವರು ಇಟ್ಟ ಹೆಸರನ್ನು ಅವನೇ ಒಮ್ಮೊಮ್ಮೆ ಯೋಚಿಸಿ ಹೇಳುತ್ತಿದ್ದ.

ಈ ವೀರಾವೇಶಕ್ಕೆ ಕಾರಣವಿತ್ತು. ಈಗೀಗ ಕುರ್ಚಿ ಕೆಟ್ಟರೆ ಜನ ರಿಪೇರಿಗೆ ತರುವುದಿಲ್ಲ, ಬಿಸಾಕಿ ಹೊಸದು ಕೊಳ್ಳುತ್ತಾರೆ. "ಅಂಗಡಿ ಮುಚ್ಚಿ ನನ್ನ ಹಾಸಿಗೆ ಕಾರ್ಖಾನೆಗೆ ಬಂದುಬಿಡಿ ಭಾವ" ಎಂದು ಹೆಂಡತಿಯ ತಮ್ಮ ಮೂರು ತಿಂಗಳಿಂದ ಕರೆಯುತ್ತಿದ್ದ. ಸ್ಪ್ರಿಂಗಣ್ಣನಿಗೆ ಅದೊಂದು ಬೇಡವಾಗಿತ್ತು. ಅಷ್ಟರಲ್ಲಿ ದೇವರು ಕಣ್ಣು ಬಿಟ್ಟಂತೆ ಊರಿನ ಸಭಾಂಗಣದ ಮ್ಯಾನೇಜರಮ್ಮ ಬಂದು, "ನಮ್ಮಲ್ಲಿ ಇನ್ನೂರು ಕುರ್ಚಿ ಹಾಳಾಗಿವೆ. ಸೋಮವಾರ ಸಮಿತಿ ಸೇರುತ್ತೆ. ನಿಮ್ಮ ವೆಬ್‌ಸೈಟ್ ಇದ್ದರೆ ಕಳಿಸಿ, ನೋಡಿ ತೀರ್ಮಾನ ಮಾಡ್ತೀವಿ" ಎಂದಿದ್ದರು. ಇನ್ನೂರು ಕುರ್ಚಿ! ಅಂಗಡಿಯ ಬಾಗಿಲು ಇನ್ನೆರಡು ವರ್ಷ ತೆರೆದೇ ಇರುತ್ತದೆ.

"ಅಪ್ಪಾ, ನಾನು ಮಾಡ್ಕೊಡ್ತೀನಿ. ಅರ್ಧ ಗಂಟೆ ಕೆಲಸ" ಎಂದಳು ಮಗಳು.

"ನಿನ್ನ ತೊಟ್ಟಿಲಿಗೆ ಮೆತ್ತೆ ಹೊಲಿದವನು ನಾನು. ನನಗೇ ಹೇಳಿಕೊಡ್ತೀಯಾ? ಸುಲಭದ ಸಾಫ್ಟ್‌ವೇರ್ ಯಾವುದು ಅಷ್ಟು ಹೇಳು, ಸಾಕು."

ಮಗಳು ಐದು ಹೆಸರು ಬರೆದುಕೊಟ್ಟು, ನಕ್ಕು, ಗೆಳತಿಯ ಮನೆಗೆ ಹೊರಟುಹೋದಳು.

ಮೊದಲನೆಯ ಸಾಫ್ಟ್‌ವೇರು ಸ್ಪ್ರಿಂಗಣ್ಣನನ್ನು ಒಂದಾದ ಮೇಲೊಂದು ಪ್ರಶ್ನೆ ಕೇಳಿತು. ನಿಮ್ಮ ಗುರಿ ಏನು? ನಿಮ್ಮ ಕನಸು ಏನು? ನಿಮ್ಮ ಬಣ್ಣ ಯಾವುದು? "ಮದುವೆಗೆ ಹೆಣ್ಣು ನೋಡೋಕೆ ಹೋದಾಗಲೂ ನನ್ನನ್ನ ಇಷ್ಟು ಕೇಳಿರಲಿಲ್ಲ!" ಎಂದು ಅದನ್ನು ಮುಚ್ಚಿದ. ಎರಡನೆಯದರಲ್ಲಿ ಅಕ್ಷರಗಳು ಎಡದಿಂದ ಹಾರಿ ಬಂದು ಬಲಕ್ಕೆ ಬೀಳುತ್ತಿದ್ದವು. ನೋಡಿ ನೋಡಿ ತಲೆ ಸುತ್ತಿತು. ಮೂರನೆಯದು ಅವನು ಇಟ್ಟ ಫೋಟೋವನ್ನು ತನಗೆ ಬೇಕಾದ ಕಡೆ ಸರಿಸಿ, "ಈಗ ಚೆನ್ನಾಗಿದೆ ಅಲ್ಲವೇ?" ಎಂದು ಕೇಳಿತು. ಮನೆಯಲ್ಲಿ ಆ ಕೆಲಸಕ್ಕೆ ಹೆಂಡತಿ ಇದ್ದಾಳೆ, ಇನ್ನೊಬ್ಬರು ಬೇಡ ಎಂದು ಅದನ್ನೂ ಬಿಟ್ಟ. ನಾಲ್ಕನೆಯದು ಯಾಕೋ ತೆರೆಯಲೇ ಇಲ್ಲ.

ಐದನೆಯದು ಬಂಗಾರ! ಪ್ರಶ್ನೆಯಿಲ್ಲ, ಹಾರಾಟವಿಲ್ಲ. ಸಿದ್ಧವಾದ ಮಾದರಿಗಳನ್ನು ಸಾಲಾಗಿ ಜೋಡಿಸಿಟ್ಟಿತ್ತು. ಒಂದನ್ನು ಆರಿಸಿ, ನಮ್ಮದನ್ನು ತುಂಬಿದರೆ ಮುಗಿಯಿತು. ಕೇಕಿನ ಅಂಗಡಿ, ಹೂವಿನ ಅಂಗಡಿ, ವಕೀಲರ ಕಚೇರಿ ಎಲ್ಲ ದಾಟಿ ಹದಿನಾಲ್ಕನೆಯ ಮಾದರಿಗೆ ಬಂದಾಗ ಸ್ಪ್ರಿಂಗಣ್ಣ ಉಸಿರು ಬಿಗಿಹಿಡಿದ.

"ಲೇ, ಇಲ್ಲಿ ಬಾರೇ! ಕುರ್ಚಿ ಅಂದರೆ ಇದು! ಹಿಂದಕ್ಕೆ ವಾಲುತ್ತೆ, ಕಾಲಿಗೆ ಆಸರೆ ಇದೆ, ತಲೆ ಮೇಲೆ ದೀಪ ಬೇರೆ!"

ಹೆಂಡತಿ ಒಳಗಿನಿಂದ ಬಂದಳು. ಅಂಗಡಿಯ ಹೊಲಿಗೆಯೆಲ್ಲ ಅವಳದೇ. "ರೀ, ನಿಮ್ಮ ಹತ್ತಿರ ಒಂದು ಮಾತು..."

"ಆಮೇಲೆ, ಆಮೇಲೆ! ಕಲಾವಿದ ಕೆಲಸದಲ್ಲಿದ್ದಾಗ ಮಾತಾಡಿಸಬಾರದು!"

ಅವಳು ಒಳಗೆ ಹೋದಳು.

ಇನ್ನು ಸ್ಪ್ರಿಂಗಣ್ಣನ ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು. ಅವನು ಕುರ್ಚಿಯ ಹಳೆಯ ಬಟ್ಟೆಯನ್ನು ಕೀಳುವವನಲ್ಲ. ಗಟ್ಟಿಯಾಗಿದ್ದರೆ ಅದರ ಮೇಲೇ ಹೊಸದನ್ನು ಎಳೆದು ಹೊದಿಸಿ ಮೊಳೆ ಹೊಡೆಯುತ್ತಾನೆ. "ಒಳಗೆ ಒಂದು ಪದರ ಇದ್ದರೆ ಇನ್ನೂ ಮೆತ್ತಗೆ" ಎನ್ನುವುದು ಅವನ ಸಿದ್ಧಾಂತ. ವೆಬ್‌ಸೈಟಿಗೂ ಅದನ್ನೇ ಮಾಡಿದ! ಮಾದರಿಯಲ್ಲಿದ್ದ ಬರಹವನ್ನು ಅಳಿಸಲಿಲ್ಲ, ಓದಲೂ ಇಲ್ಲ. ಕೆಳಗೆ ಹೋಗುವ ಬಟ್ಟೆಯ ಬಣ್ಣವನ್ನು ಯಾರು ನೋಡುತ್ತಾರೆ? ಬಿಳಿ ಚೌಕಗಳನ್ನು ಎಳೆದು ತಂದು ಹಳೆಯ ಸಾಲುಗಳ ಮೇಲೆ ನೀಟಾಗಿ ಹೊದಿಸಿ, ಅವುಗಳಲ್ಲಿ ತನ್ನ ಸಾಲು ಬರೆದ. ನಡುವೆ ಇಕ್ಕಳ ಹಿಡಿದು ನಗುವ ತನ್ನದೊಂದು ಫೋಟೋ ಇಟ್ಟ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಒಂದು ದಾರದಷ್ಟೂ ಹಳೆಯದು ಕಾಣಿಸುತ್ತಿರಲಿಲ್ಲ. ಐದೂ ಮುಕ್ಕಾಲಿಗೆ ಪ್ರಕಟಿಸಿ ಮ್ಯಾನೇಜರಮ್ಮನಿಗೆ, ಭಾವಮೈದುನನಿಗೆ, ಫೋನಿನಲ್ಲಿದ್ದ ಸಮಸ್ತರಿಗೂ ಕಳಿಸಿದ. ರಾತ್ರಿ ಫೋನು ಎರಡು ಮೂರು ಸಲ 'ಟಿಂಗ್' ಎಂದರೂ, ಹೊಗಳಿಕೆಯನ್ನು ನಾಳೆ ಓದೋಣವೆಂದು ಮಲಗಿಬಿಟ್ಟ.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅಂಗಡಿ ತೆರೆದಿದ್ದೇ ತಡ, ಒಬ್ಬರು ಹಿರಿಯರು ಒಳಗೆ ಬಂದರು. ಹಿಂದೆ ಬಸ್ ಕಂಡಕ್ಟರ್ ಆಗಿದ್ದವರು. ಮಾತಿಲ್ಲ ಕತೆಯಿಲ್ಲ, ನೇರವಾಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ, ಬಾಯಿ ತೆರೆದರು.

ಸ್ಪ್ರಿಂಗಣ್ಣ ಇಕ್ಕಳ ಹಿಡಿದುಕೊಂಡೇ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಯಜಮಾನ್ರೇ, ಬಾಯಿ ಯಾಕೆ ತೆರೆದಿರಿ?"

ಅವರು ಒಂದು ಕಣ್ಣು ಬಿಟ್ಟು ಇಕ್ಕಳ ನೋಡಿದರು. "ಇಂಜೆಕ್ಷನ್ ಕೊಡಲ್ವಾ ಮೊದಲು?"

ಅಷ್ಟರಲ್ಲಿ ಕೆನ್ನೆಗೆ ಕರವಸ್ತ್ರ ಕಟ್ಟಿಕೊಂಡ ಪೋಸ್ಟ್‌ಮ್ಯಾನು ಬಂದ. ಅವನ ಹಿಂದೆಯೇ ದವಡೆ ಹಿಡಿದುಕೊಂಡ ಶಾಲೆಯ ಟೀಚರಮ್ಮ ಬಂದರು. "ಒಂಬತ್ತೂವರೆಗೆ ನನ್ನ ಅಪಾಯಿಂಟ್‌ಮೆಂಟು" ಎಂದು ಟೀಚರಮ್ಮ ಫೋನು ತೋರಿಸಿದರು. ಸ್ಪ್ರಿಂಗಣ್ಣ ಮೂಗು ತಾಗುವಷ್ಟು ಬಗ್ಗಿ ನೋಡಿದ. ಫೋನಿನ ಪುಟ್ಟ ಪರದೆಯಲ್ಲಿ ಅವನು ಹೊದಿಸಿದ್ದ ಚೌಕಗಳೆಲ್ಲ ಜಾರಿ, ಮೇಲಿನದೂ ಅಡಿಯದೂ ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು:

"ಮೂವತ್ತು ವರ್ಷಗಳ ಅನುಭವ. ನೋವಿಲ್ಲದೆ ಹಲ್ಲು ಕೀಳುತ್ತೇವೆ. ಒಳಗೆ ಸ್ಪಂಜು ತುಂಬಿ ಮೇಲೆ ಮೊಳೆ ಹೊಡೆಯಲಾಗುವುದು. ಮಕ್ಕಳಿಗೆ ವಿಶೇಷ ಕಾಳಜಿ. ಹಳೆಯ ಬಟ್ಟೆ ವಾಪಸ್ ಕೊಡುವುದಿಲ್ಲ. ಇಂದೇ ಅಪಾಯಿಂಟ್‌ಮೆಂಟ್ ಪಡೆಯಿರಿ."

ನಡುವೆ ಇಕ್ಕಳ ಹಿಡಿದು ನಗುತ್ತಿರುವ ಸ್ಪ್ರಿಂಗಣ್ಣ!

"ಮೊಳೆ ಅಂತ ಬರೆದಿದೆಯಲ್ಲ ತಾಯಿ, ಆದರೂ ಬಂದ್ರಾ?" ಎಂದ, ಅಳುವ ದನಿಯಲ್ಲಿ.

"ಈ ನೋವಿಗೆ ನೀವು ಸುತ್ತಿಗೆ ಅಂದಿದ್ದರೂ ಬರ್ತಿದ್ದೆ" ಎಂದರು ಟೀಚರಮ್ಮ.

ಮಗಳು ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪಾ, ನೀನು ಆರಿಸಿದ್ದು ಹಲ್ಲಿನ ಡಾಕ್ಟರ ಮಾದರಿ! ಅಳಿಸದೆ ಮೇಲೆ ಮುಚ್ಚಿದರೆ ಫೋನಲ್ಲಿ ಎಲ್ಲಾ ಹೊರಗೆ ಬರುತ್ತೆ."

ನಗು ಮುಗಿದ ಮೇಲೆ ಮುಂದಿನ ಬೀದಿಯ ನಿಜವಾದ ಡಾಕ್ಟರಿಗೆ ಅವಳೇ ಫೋನು ಮಾಡಿದಳು. ಅವರು ಬರುವುದು ಹನ್ನೆರಡಕ್ಕಂತೆ. "ಅಲ್ಲೀವರೆಗೆ ಇಲ್ಲೇ ಕೂತಿರಿ, ಪಾಪ" ಎಂದು ಹೆಂಡತಿ ಮೂವರಿಗೂ ಉಗುರುಬೆಚ್ಚಗಿನ ಉಪ್ಪುನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿ, ರಿಪೇರಿ ಮುಗಿದ ಮೂರು ಒಳ್ಳೆಯ ಕುರ್ಚಿಗಳಲ್ಲಿ ಕೂರಿಸಿದಳು.

ಸ್ಪ್ರಿಂಗಣ್ಣ ಮೂಲೆಯಲ್ಲಿ ಕುಸಿದು ಕೂತ. ಹನ್ನೊಂದಕ್ಕೆ ಸಮಿತಿ. ಇನ್ನೂರು ಕುರ್ಚಿ ಹೋಯಿತು. ಹಾಸಿಗೆ ಕಾರ್ಖಾನೆಯ ಗೇಟು ಕಣ್ಣೆದುರು ಬಂತು. ಅವನಿಗೆ ನಿಜವಾಗಿಯೂ ಅಳು ಬಂದಿತ್ತು.

ಹನ್ನೊಂದೂವರೆಗೆ ಮ್ಯಾನೇಜರಮ್ಮ ತಾವೇ ಬಂದರು. "ಏನ್ರೀ ಇದು? ಸಮಿತಿಯ ಹಿರಿಯರು ನಿಮ್ಮ ವೆಬ್‌ಸೈಟ್ ಓದಿ ಆಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ! ನೀವು ಕುರ್ಚಿ ಮಾಡ್ತೀರೋ, ಹಲ್ಲು..."

ಮಾತು ಅಲ್ಲಿಗೇ ನಿಂತಿತು. ಮೂರು ಕುರ್ಚಿಗಳಲ್ಲಿ ಮೂವರೂ ಗಾಢ ನಿದ್ದೆಯಲ್ಲಿದ್ದರು. ಕಂಡಕ್ಟರ್ ಹಿರಿಯರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

"ಇವರಿಗೇನಾಗಿದೆ?"

"ಹಲ್ಲುನೋವು" ಎಂದಳು ಹೆಂಡತಿ. "ಎರಡು ದಿನದಿಂದ ಕಣ್ಣು ಮುಚ್ಚಿಲ್ಲವಂತೆ. ಇಲ್ಲಿ ಕೂತ ಹತ್ತು ನಿಮಿಷಕ್ಕೆ ಮಲಗಿಬಿಟ್ಟರು."

ಮ್ಯಾನೇಜರಮ್ಮ ಖಾಲಿಯಿದ್ದ ಇನ್ನೊಂದು ಕುರ್ಚಿಯಲ್ಲಿ ಕೂತು, ಒರಗಿ, ಒಂದು ನಿಮಿಷ ಕಣ್ಣು ಮುಚ್ಚಿದರು. ಎದ್ದಾಗ ಅವರ ಸಿಟ್ಟೆಲ್ಲ ಕುರ್ಚಿಯಲ್ಲೇ ಉಳಿದಿತ್ತು. "ನಮ್ಮ ಸಭಾಂಗಣದಲ್ಲಿ ಭಾಷಣ ಕೇಳ್ತಾ ಜನ ನಿದ್ದೆ ಮಾಡೋದು ಹೊಸದೇನಲ್ಲ. ಇಷ್ಟು ದಿನ ಎದ್ದ ಮೇಲೆ ಕತ್ತುನೋವು ಅಂತ ನಮ್ಮನ್ನ ಬಯ್ತಿದ್ದರು. ಇನ್ನು ಬಯ್ಯಲ್ಲ. ನಾಳೆ ಇಪ್ಪತ್ತು ಕುರ್ಚಿ ಕಳಿಸ್ತೀನಿ, ಅವು ಆದಮೇಲೆ ಉಳಿದದ್ದು. ಆದರೆ ದಯವಿಟ್ಟು ಆ ವೆಬ್‌ಸೈಟ್ ತೆಗೀರಿ!"

ಅವರು ಹೋದದ್ದೇ ಸ್ಪ್ರಿಂಗಣ್ಣ ಎದೆ ಉಬ್ಬಿಸಿ ಎದ್ದು ನಿಂತ. "ನೋಡಿದ್ರಾ? ನನ್ನ ವೆಬ್‌ಸೈಟು ಇರದಿದ್ದರೆ ಈ ಮೂವರು ಬರ್ತಿದ್ದರಾ? ಇವರು ಮಲಗದಿದ್ದರೆ ಆರ್ಡರ್ ಸಿಗ್ತಿತ್ತಾ? ಎಲ್ಲಾ ನನ್ನ ದೂರದೃಷ್ಟಿ!"

ಆಗಲೇ ಅವನ ಫೋನು 'ಟಿಂಗ್' ಎಂದಿತು. ಹೊಸ ಅಪಾಯಿಂಟ್‌ಮೆಂಟ್!

"ಅಯ್ಯೋ, ಇನ್ನೊಬ್ಬರು!" ಎಂದು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ. "ತೊಂದರೆ: ಎಡಗಡೆಯ ದವಡೆ ಹಲ್ಲು, ಮೂರು ದಿನದಿಂದ. ಮನೆಯವರಿಗೆ ಹೇಳೋಣ ಅಂದರೆ ಅವರು ಕೆಲಸದಲ್ಲಿದ್ದಾರೆ. ವಿಳಾಸ..."

ವಿಳಾಸ ಓದುತ್ತಿದ್ದಂತೆ ದನಿ ಇಳಿಯಿತು. ಅದು ಈ ಮನೆಯದೇ. ತಲೆಯೆತ್ತಿ ನೋಡಿದರೆ ಒಳಬಾಗಿಲಲ್ಲಿ ಹೆಂಡತಿ, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಕೆನ್ನೆಯ ಮೇಲೆ.

"ನನ್ನ ಹತ್ತಿರವೇ ಬಾಯಿಬಿಟ್ಟು ಹೇಳಬಾರದಿತ್ತೇನೇ?" ಎಂದ.

"ಮೂರು ದಿನ ಹಾಗೇ ಹೇಳೋಕೆ ನೋಡಿದೆ ರೀ" ಎಂದಳು ಅವಳು. "ಇವತ್ತು ಗೊತ್ತಾಯ್ತು, ವೆಬ್‌ಸೈಟಲ್ಲಿ ಬಂದರೆ ಮಾತ್ರ ನೀವು ನೋಡ್ತೀರಿ ಅಂತ."

ಸ್ಪ್ರಿಂಗಣ್ಣ ಇಕ್ಕಳವನ್ನು ಕೆಳಗಿಟ್ಟು, ಫೋನಿನಲ್ಲಿ 'ಒಪ್ಪಿಗೆ' ಎಂಬಲ್ಲಿ ಒತ್ತಿ, ಅವಳ ಚಪ್ಪಲಿಯನ್ನು ತಾನೇ ತಂದು ಬಾಗಿಲ ಬಳಿ ಜೋಡಿಸಿಟ್ಟ.