ಶಾಲಾ ವೇಳೆಯಲ್ಲಿ ತಾಯಿಯನ್ನು ‘ಅಮ್ಮಿ’ ಎಂದು ಕರೆಯುವ ಬಗ್ಗೆ

ಸಂಖ್ಯೆ: ಮ.ಶಾ./ಹಾಲ್/ಸೋಫಾ ಪಕ್ಕ/ತಿದ್ದುಪಡಿಯ ತಿದ್ದುಪಡಿ
ಸ್ಥಳ: ಮುಂಬೈಯ ಪವಾಯಿ, ಕೆರೆ ಕಾಣದ ಬದಿಯ ಬಿಲ್ಡಿಂಗ್, ನಾಲ್ಕನೆಯ ಮಹಡಿ (ಲಿಫ್ಟ್ ದುರಸ್ತಿಯಲ್ಲಿದೆ)

ಇವರಿಗೆ: ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಲು ಹೊಸದಾಗಿ ಟೊಂಕ ಕಟ್ಟಿ ನಿಂತಿರುವ ಎಲ್ಲ ತಾಯಿ-ಶಿಕ್ಷಕಿಯರಿಗೆ, ಹಾಗೂ ಅವರ ಕೈಗೆ ಸಿಕ್ಕ ಮಕ್ಕಳಿಗೆ.

ವಿಷಯ: ಶಾಲಾ ವೇಳೆಯಲ್ಲಿ ಶಿಕ್ಷಕಿಯನ್ನು ‘ಅಮ್ಮಿ’ ಎಂದು ಕರೆಯುವುದರ ಮೇಲೆ ವಿಧಿಸಿದ್ದ ನಿಷೇಧದ ಮರುಪರಿಶೀಲನೆ.

ಉಲ್ಲೇಖ: 1) ಫ್ರಿಜ್ಜಿನ ಬಾಗಿಲಿಗೆ ಅಂಟಿಸಲಾಗಿದ್ದ ಹಿಂದಿನ ಸುತ್ತೋಲೆ. 2) ಅಜ್ಜಿ ಜುಬೇದಾ ಅವರ ಮೌಖಿಕ ಆಕ್ಷೇಪಣೆ (ಪ್ರತಿದಿನ). 3) ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ನಡೆದ ಘಟನೆ.

ಪ್ರಸ್ತಾವನೆ:

ವಿಜಯಪುರದ ಕಡೆಯಿಂದ ಬಂದು ಪವಾಯಿಯಲ್ಲಿ ನೆಲೆಸಿರುವ ಶ್ರೀಮತಿ ತಹಮೀನಾ ಅವರು ತಮ್ಮ ಏಳು ವರ್ಷದ ಮಗಳು ಕುಮಾರಿ ನಿಶಾತಳನ್ನು ಶಾಲೆ ಬಿಡಿಸಿ, ಮನೆಯಲ್ಲೇ ಕಲಿಸಲು ನಿರ್ಧರಿಸಿದ್ದು ಸರಿಯಷ್ಟೆ. ಶಾಲೆ ಕೆಟ್ಟದ್ದೇನಲ್ಲ. ಆದರೆ ವ್ಯಾನಿನಲ್ಲಿ, ಟ್ರಾಫಿಕ್ಕಿನಲ್ಲಿ ಹೋಗಿಬರುವುದರಲ್ಲೇ ಮಗುವಿನ ದಿನ ಮುಗಿದು, ಅದು ಊಟದ ತಟ್ಟೆಯ ಮುಂದೆ ಕುಳಿತಲ್ಲೇ ತೂಕಡಿಸುತ್ತಿತ್ತು. ದಾರಿಯಲ್ಲಿ ಕಂಡದ್ದನ್ನೆಲ್ಲ ಅಮ್ಮಿಗೆ ಹೇಳಬೇಕೆಂದು ಕೂಡಿಟ್ಟುಕೊಂಡಿದ್ದ ಮಾತೆಲ್ಲ ಹೇಳದೆಯೇ ಉಳಿಯುತ್ತಿತ್ತು. ಮಗಳ ಮಾತು ಮೊದಲಿನಂತೆ ಕೇಳಬೇಕೆಂಬ ಒಂದೇ ಆಸೆಯಿಂದ ತಹಮೀನಾ ಅವರು ಈ ಸಾಹಸಕ್ಕೆ ಕೈಹಾಕಿದರೆಂಬುದನ್ನು ಇಲ್ಲಿ ಒತ್ತಿ ದಾಖಲಿಸಲಾಗಿದೆ. ಮುಂದಿನ ಕಲಮುಗಳನ್ನು ಓದಿದ ಮೇಲೆ ಇದನ್ನು ಯಾರೂ ನಂಬಲಾರರು.

ಮನೆಯಲ್ಲಿ ಕಲಿಸುವುದೆಂದರೆ ಶಾಲೆಯನ್ನೇ ಹೊತ್ತು ತಂದು ಮನೆಯೊಳಗೆ ಇಡುವುದೆಂದು ಅವರು ಭಾವಿಸಿದ್ದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಸದರಿ ಅವರಪ್ಪನ ವಿವರಗಳು ಈ ಕೆಳಗಿನಂತಿವೆ.

1. ಪ್ರಯಾಣ. ಮುಂಬೈಯಲ್ಲಿ ಪ್ರಯಾಣ ಮಾಡದೆ ಗಳಿಸಿದ ಯಾವುದೂ ಮೈಗೆ ಹತ್ತುವುದಿಲ್ಲವೆಂಬ ಸ್ಥಳೀಯ ನಂಬಿಕೆಯ ಅನ್ವಯ, ವಿದ್ಯಾರ್ಥಿನಿಯು ಬೆಳಗ್ಗೆ ಬ್ಯಾಗು ಹೊತ್ತು ಮನೆಯಿಂದ ಹೊರಟು, ಮೆಟ್ಟಿಲಿಳಿದು, ವಾಚ್‌ಮನ್ ಅಣವೀರಪ್ಪನವರ ಕುರ್ಚಿಗೆ ಒಂದು ಸುತ್ತು ಹಾಕಿ, ಮತ್ತೆ ಮೆಟ್ಟಿಲೇರಿ, ಅದೇ ಮನೆಗೆ ಶಾಲೆಯೆಂದು ಬರತಕ್ಕದ್ದು ಎಂದು ಸೂಚಿಸಲಾಗಿತ್ತು. ವ್ಯಾನಿನ ಕಾಟ ತಪ್ಪಿಸಲೆಂದೇ ಶಾಲೆ ಬಿಡಿಸಿದ್ದು ಈ ಕಲಮು ಬರೆಯುವಾಗ ಯಾರಿಗೂ ನೆನಪಾಗಲಿಲ್ಲ. ಲಿಫ್ಟ್ ಬಳಸುವ ಪ್ರಶ್ನೆ ಉದ್ಭವಿಸುವುದಿಲ್ಲ. ತಂದೆ ಶ್ರೀ ಅಲ್ತಾಫ ಅವರು ಲಿಫ್ಟ್ ಮೆಕ್ಯಾನಿಕ್ ಆಗಿದ್ದು, ಪವಾಯಿಯ ಉಳಿದೆಲ್ಲ ಬಿಲ್ಡಿಂಗುಗಳು ಮುಗಿದ ನಂತರ ಸ್ವಂತ ಬಿಲ್ಡಿಂಗಿನ ಸರದಿ ಬರಲಿದೆ. ಎರಡನೆಯ ಮಹಡಿಯಲ್ಲಿರುವ ಧಾರವಾಡದ ಹಾಲವ್ವನವರು ದಿನವೂ ಮಗುವನ್ನು ತಡೆದು, “ಪಾಪ, ಸಾಲಿಗೆ ಹೊಂಟೈತಿ ಕೂಸು, ದೂರದ ಹಾದಿ” ಎಂದು ಕೈಯಲ್ಲಿ ಚಕ್ಕುಲಿ ಇಡುತ್ತಿದ್ದುದರಿಂದ ವಿದ್ಯಾರ್ಥಿನಿಯು ತಡವಾಗಿ ಬರುತ್ತಿದ್ದಳು. ಅದಕ್ಕಾಗಿ ತಡ ಹಾಜರಿ ಹಾಕಲಾಗಿದೆ. ಉಳಿದ ಚಕ್ಕುಲಿಯನ್ನು ಶಿಕ್ಷಕಿಯು ಮುಟ್ಟುಗೋಲು ಹಾಕಿಕೊಂಡು ಸೇವಿಸಿರುತ್ತಾರೆ.

2. ಗಂಟೆ. ಶಾಲೆಗೆ ಗಂಟೆ ಇಲ್ಲದ ಕಾರಣ ಕುಕ್ಕರಿನ ಸೀಟಿಯನ್ನೇ ಗಂಟೆಯೆಂದು ಪರಿಗಣಿಸಲಾಗಿತ್ತು. ತೊಗರಿಬೇಳೆ ಇಟ್ಟ ದಿನ ಗಣಿತ ಚುಟುಕಾಗಿ ಮುಗಿಯುತ್ತದೆ. ಕಾಬೂಲಿ ಕಡಲೆ ಇಟ್ಟ ದಿನ ಗಣಿತ ಮುಗಿಯುವುದೇ ಇಲ್ಲ. ಅಜ್ಜಿ ಜುಬೇದಾ ಅವರು ಹಿಂದಿನ ದಿನ ಕಡಲೆ ನೆನೆಹಾಕುವುದನ್ನು ಸತತವಾಗಿ ಮರೆತು ಬೇಳೆಯನ್ನೇ ಇಡುತ್ತಿರುವುದರ ಹಿಂದೆ ಮೊಮ್ಮಗಳ ಕೈವಾಡವಿದೆಯೇ ಎಂಬುದು ತನಿಖೆಯಲ್ಲಿದೆ. ತನಿಖಾಧಿಕಾರಿಯಾಗಿ ಅಜ್ಜಿಯವರನ್ನೇ ನೇಮಿಸಲಾಗಿದೆ.

3. ಮಳೆ ರಜೆ. ದಾದರಿನಲ್ಲಿ ನೀರು ನಿಂತಿದೆಯೆಂದು ಟಿವಿಯಲ್ಲಿ ತೋರಿಸಿದ ದಿನ, ಮಲಗುವ ಕೋಣೆಯಿಂದ ಹಾಲ್‌ಗೆ ಬರಲು ದಾರಿಯಿಲ್ಲವೆಂದು ವಿದ್ಯಾರ್ಥಿನಿಯು ಹಾಸಿಗೆಯಿಂದಲೇ ಮನವಿ ಸಲ್ಲಿಸಿದ್ದಳು. ಸ್ಥಳ ಪರಿಶೀಲನೆ ನಡೆಸಲಾಗಿ, ನೀರು ಕಂಡುಬರಲಿಲ್ಲ. ಬಳಿಕ ಬಚ್ಚಲಿನಿಂದ ಎರಡು ಚೊಂಬು ನೀರು ತಂದು ಬಾಗಿಲ ಬಳಿ ಸುರಿಯಲಾಗಿತ್ತು. ಮರುಪರಿಶೀಲನೆಗೆ ಬಂದ ಶಿಕ್ಷಕಿಯು ಜಾರಿ ಬಿದ್ದುದರಿಂದ ರಜೆ ತಾನಾಗಿಯೇ ಮಂಜೂರಾಯಿತು.

4. ರಜೆ ಚೀಟಿ. ಮಗು ಸೀನಿದರೆ ಪೋಷಕರು ರಜೆ ಚೀಟಿ ಬರೆದು ಶಿಕ್ಷಕಿಗೆ ಸಲ್ಲಿಸತಕ್ಕದ್ದು. ಅದರಂತೆ ತಹಮೀನಾ ಅವರು ಪೋಷಕಿಯಾಗಿ ಚೀಟಿ ಬರೆದು, ಸಹಿ ಮಾಡಿ, ಟೀಚರಾಗಿ ಅದನ್ನು ಓದಿ, ಕಾರಣ ಸಮರ್ಪಕವಾಗಿಲ್ಲವೆಂದು ತಿರಸ್ಕರಿಸಿದರು. ಇದರಿಂದ ಪೋಷಕಿಗೆ ಬಹಳ ಸಿಟ್ಟು ಬಂದು, ಅಂದು ಟೀಚರಿಗೆ ಚಹಾ ಮಾಡಿಕೊಡಲಿಲ್ಲ. ಇಬ್ಬರಿಗೂ ಸಂಜೆಯವರೆಗೆ ತಲೆನೋವಿತ್ತು.

5. ಸಂಬೋಧನೆ. ಶಾಲಾ ವೇಳೆಯಲ್ಲಿ ತಹಮೀನಾ ಅವರನ್ನು ‘ಟೀಚರ್’ ಎಂದೇ ಕರೆಯತಕ್ಕದ್ದು. ‘ಅಮ್ಮಿ’ ಎಂದಲ್ಲಿ ಉತ್ತರಿಸಲಾಗುವುದಿಲ್ಲ. ಮೊದಮೊದಲು ಮಗಳು ಬಾಯಿತಪ್ಪಿ ‘ಅಮ್ಮಿ’ ಎಂದಾಗ, ತಹಮೀನಾ ಅವರು ಕೇಳಿಸದವರಂತೆ ಕಿಟಕಿಯಾಚೆ ನೋಡುತ್ತ ನಿಲ್ಲುತ್ತಿದ್ದರು. ಮಗಳು ಜಾಣೆ, ಬೇಗ ಕಲಿತಳು. ಇಡೀ ಪಠ್ಯಕ್ರಮದಲ್ಲಿ ಅವಳು ಇಷ್ಟು ಚೆನ್ನಾಗಿ ಕಲಿತ ಪಾಠ ಇನ್ನೊಂದಿಲ್ಲ. ಕೈಕಟ್ಟಿ ಕೂರುವುದನ್ನೂ, ಕೇಳಿದ್ದಕ್ಕಷ್ಟೇ ಉತ್ತರಿಸುವುದನ್ನೂ ಅದರ ಜೊತೆಗೇ ಕಲಿತಳು. ಯಾವ ಮಾತಿಗಾಗಿ ಇಷ್ಟೆಲ್ಲ ಮಾಡಿದ್ದೋ ಆ ಮಾತೇ ಮನೆಯಲ್ಲಿ ನಿಂತುಹೋಯಿತು. ಈ ಬಗ್ಗೆ ಅಜ್ಜಿ ಜುಬೇದಾ ಅವರು, “ಮನಿಯೊಳಗ ಸಾಲಿ ತರ್ತೀನಿ ಅಂದಿ, ತಂದಿ. ಚಲೋ ಆತು. ಈಗ ಸಾಲಿಯೊಳಗ ನಮ್ಮ ಮನಿ ಎಲ್ಲಿ ಹೋತು, ಅದನ್ನಷ್ಟ ಹುಡುಕಿ ಕೊಡವಾ” ಎಂದು ಆಕ್ಷೇಪಿಸಿದ್ದರು. ಆಕ್ಷೇಪಣೆಯು ಲಿಖಿತ ರೂಪದಲ್ಲಿ ಇಲ್ಲದ ಕಾರಣ ಅದನ್ನು ಪರಿಗಣಿಸಲಾಗಲಿಲ್ಲ.

6. ಶೈಕ್ಷಣಿಕ ಪ್ರವಾಸ. ಕಳೆದ ಭಾನುವಾರ ಚಾರ್ಟ್ ಪೇಪರು, ಬಣ್ಣದ ಪೆನ್ಸಿಲು ತರಲು ತಾಯಿ-ಮಗಳು ದಾದರಿಗೆ ಹೋಗಿದ್ದರು. ಹೋದದ್ದು ವ್ಯರ್ಥವಾಗಬಾರದೆಂದು ತಹಮೀನಾ ಅವರು ಅದನ್ನು ಶೈಕ್ಷಣಿಕ ಪ್ರವಾಸವೆಂದು ಘೋಷಿಸಿ, “ಇದೂ ಸಾಲಿನೇ ಮತ್ತ, ನೆನಪಿರಲಿ” ಎಂದು ಮಗಳಿಗೆ ಸೂಚಿಸಿದ್ದರು. ಎರಡು ಲೋಕಲ್ ರೈಲುಗಳು ಒಟ್ಟಿಗೇ ಬಂದು ನಿಂತು, ಸೇತುವೆಯ ಮೇಲೆ ಜನ ನುಗ್ಗಿದಾಗ ಮಗಳ ಕೈ ತಪ್ಪಿತು. ನಿಯಮ ಪಾಲಿಸುವ ಮಗು “ಟೀಚರ್! ಟೀಚರ್!” ಎಂದು ಕೂಗಿತು. ದಾದರಿನಲ್ಲಿ ಟೀಚರುಗಳಿಗೆ ಬರವಿಲ್ಲ. ಸುತ್ತಲಿದ್ದ ಹಲವು ಹೆಂಗಸರು ತಿರುಗಿ ನೋಡಿದರು. ತಿರುಗಿ ನೋಡದವರು ತಹಮೀನಾ ಮಾತ್ರ. ಅವರು ‘ಅಮ್ಮಿ’ ಎಂಬ ಒಂದು ಕೂಗಿಗೆ ಕಿವಿಯಿಟ್ಟುಕೊಂಡು ಎದುರು ದಿಕ್ಕಿಗೆ ಓಡುತ್ತಿದ್ದರು.

ಹೂ ಮಾರುವ ಮೌಶಿಯೊಬ್ಬರು ಮಗುವಿನ ಕೈ ಹಿಡಿದು, ನಿನ್ನ ಆಯಿ, ಅಂದರೆ ತಾಯಿ, ಎಲ್ಲಿ ಎಂದು ಮರಾಠಿಯಲ್ಲಿ ವಿಚಾರಿಸಿದ್ದಾರೆ. ಆಯಿ ಇವತ್ತು ಬಂದಿಲ್ಲ, ಕಳೆದುಹೋಗಿರುವುದು ಟೀಚರ್ ಎಂದು ಮಗು ಅದೇ ಭಾಷೆಯಲ್ಲಿ ಹೇಳಿಕೆ ನೀಡಿದೆ. ತಹಮೀನಾ ಅವರು ಏದುಸಿರು ಬಿಡುತ್ತ ಹಿಂದಿರುಗಿ ಬಂದು ಮಗಳನ್ನು ಬಾಚಿ ತಬ್ಬಿಕೊಂಡಾಗ ಅವಳು ಕೇಳಿದ್ದು ಇಷ್ಟೇ: “ಟೀಚರ್, ಸಾಲಿ ಬಿಡ್ತು ಏನ್ರಿ? ಈಗ ನಾ ಅಳ್ಲಿ?”

ಸದರಿ ಅಳುವನ್ನು ಬಾಕಿ ಎಂದು ನಮೂದಿಸಲಾಗಿದೆ.

7. ಪೋಷಕರ ಸಭೆ. ಮೊದಲೇ ದಿನಾಂಕ ಗೊತ್ತುಪಡಿಸಿದ್ದರಿಂದ ಸಭೆಯನ್ನು ಮರುದಿನವೇ ನಡೆಸುವುದು ಅನಿವಾರ್ಯವಾಯಿತು. ತಹಮೀನಾ ಅವರು ಪೋಷಕಿಯಾಗಿ ಹಾಜರಾಗಲು ಹೊರಗಿನ ಚಪ್ಪಲಿ ಮೆಟ್ಟಿ, ಪರ್ಸು ಹಿಡಿದು, ಬಾಗಿಲಾಚೆ ನಿಂತು ಬೆಲ್ ಒತ್ತಿದರು. ಬಾಗಿಲು ತೆರೆದ ಅಜ್ಜಿಯು ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಯಾರು ಬೇಕಾಗಿತ್ರಿ?” ಎಂದು ವಿಚಾರಿಸಿದರು. ಪೋಷಕಿಯನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಲಾಯಿತು. ಟೀಚರು ಚಪ್ಪಲಿ ಹಾಕಿಕೊಂಡು ಪೋಷಕಿಯಾಗಿ ಬಂದುಬಿಟ್ಟಿದ್ದರಿಂದ ಟೀಚರ ಕುರ್ಚಿ ಖಾಲಿ ಇತ್ತು. ಈ ಲೋಪವನ್ನು ಯಾರೂ ಮುಂಗಂಡಿರಲಿಲ್ಲ.

ಆಗ ವಿದ್ಯಾರ್ಥಿನಿಯು ಅಜ್ಜಿಯ ಕನ್ನಡಕ ಮೂಗಿಗೆ ಏರಿಸಿ, ಆ ಕುರ್ಚಿ ಹತ್ತಿ ಕುಳಿತು, ಸಭೆಯನ್ನು ತಾನೇ ನಡೆಸಿಕೊಟ್ಟಳು. ನಡವಳಿಯ ಯಥಾಪ್ರತಿ ಹೀಗಿದೆ:

“ನಿಮ್ಮ ಮಗಳು ಶಾಣ್ಯಾ ಅದಾಳ್ರಿ. ಟೇಬಲ್ಸ್ ಬರ್ತಾವ. ಲೇಕಿನ್ ಒಂದ್ ಪ್ರಾಬ್ಲಂ ಐತಿ. ಸಾಲಿಗೆ ಟೀಚರ್ ರೋಜ್ ಬರ್ತಾರ. ಅಕಿ ಅಮ್ಮಿ ಒಂದಿನಾನೂ ಬರಂಗಿಲ್ಲ. ನಾಳಿಂದ ಅಮ್ಮಿನ್ನ ಕಳಸ್ರಿ.”

ಪೋಷಕಿಯು ಕಳಿಸುವುದಾಗಿ ಒಪ್ಪಿದ್ದಾರೆ. ಒಪ್ಪುವಾಗ ಅವರು ಅಳುತ್ತಿದ್ದರು. ಅದನ್ನು ಕಂಡು ಅಧ್ಯಕ್ಷರೂ ಕನ್ನಡಕ ತೆಗೆದಿಟ್ಟು ಭಾನುವಾರದ ಬಾಕಿ ಅಳುವನ್ನು ಮುಗಿಸಿದರು. ನಂತರ ಅಜ್ಜಿಯವರು ಎಲ್ಲರಿಗೂ ಚಹಾ ಕೊಟ್ಟರು, ಟೀಚರಿಗೆ ಕೊಡಬೇಕಾಗಿದ್ದ ಹಳೆಯ ಬಾಕಿ ಚಹಾವನ್ನೂ ಸೇರಿಸಿ.

ಆದೇಶ:

ಮೇಲ್ಕಂಡ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ‘ಅಮ್ಮಿ’ ಎಂಬ ಪದದ ಮೇಲಿನ ನಿಷೇಧವನ್ನು ಈ ಗಳಿಗೆಯಿಂದಲೇ ರದ್ದುಪಡಿಸಲಾಗಿದೆ. ಸದರಿ ಪದವನ್ನು ಗಣಿತದ ನಡುವೆ, ಬಾಯಲ್ಲಿ ಚಕ್ಕುಲಿ ಇರುವಾಗ, ಬಚ್ಚಲಿನ ಒಳಗಿನಿಂದ, ಕಾರಣವಿದ್ದು ಅಥವಾ ಇಲ್ಲದೆ, ಎಷ್ಟು ಸಲವಾದರೂ ಬಳಸಬಹುದು. ಪ್ರತಿ ಸಲವೂ ‘ಓ’ ಎನ್ನತಕ್ಕದ್ದು. ಮೆಟ್ಟಿಲಿನ ಪ್ರಯಾಣವನ್ನು ಕೈಬಿಡಲಾಗಿದ್ದು, ಚಕ್ಕುಲಿ ತರಲು ಮಾತ್ರ ಹೋಗಿಬರಲು ಅವಕಾಶವಿದೆ. ಮೊದಲ ಪಿರಿಯಡ್ಡಿನಲ್ಲಿ ನಿಶಾತಳು ಮಾತಾಡತಕ್ಕದ್ದು, ಅಮ್ಮಿಯು ಕೇಳತಕ್ಕದ್ದು. ಕುಕ್ಕರು ಕೂಗಿದರೆ ಕೂಗಲಿ.

ಸಹಿ/-
ತಹಮೀನಾ
ಅಮ್ಮಿ (ಪೂರ್ಣಾವಧಿ)
ಹೊಸ ದಾಖಲಾತಿ, ಹಿಂದಿನ ಬೆಂಚು

ಪ್ರತಿಗಳು:
1. ಅಜ್ಜಿ ಜುಬೇದಾ ಅವರಿಗೆ: ಆಕ್ಷೇಪಣೆ ಅಂಗೀಕೃತವಾಗಿದೆ, ಇನ್ನು ನಿಲ್ಲಿಸಲು ಕೋರಿದೆ. ಕಡಲೆ ನೆನೆಹಾಕುವುದು.
2. ಎರಡನೆಯ ಮಹಡಿಯ ಹಾಲವ್ವನವರಿಗೆ: ಇನ್ನು ಮುಂದೆ ಇಬ್ಬರು ಬರುತ್ತಾರೆ, ಚಕ್ಕುಲಿಯನ್ನು ಆ ಪ್ರಕಾರ ಕರಿಯುವುದು.
3. ವಾಚ್‌ಮನ್ ಅಣವೀರಪ್ಪನವರಿಗೆ: ಬೆಳಗ್ಗೆ ಕುರ್ಚಿ ಸುತ್ತಲು ಮಗು ಬರಲಿಲ್ಲವೆಂದು ಗಾಬರಿಯಾಗದಿರಲು.
4. ಶ್ರೀ ಅಲ್ತಾಫ ಅವರಿಗೆ: ಲಿಫ್ಟ್ ಬಗ್ಗೆ. ಮತ್ತೊಮ್ಮೆ.
5. ಕುಕ್ಕರಿಗೆ: ಎರವಲು ಸೇವೆ ಮುಗಿದಿದ್ದು, ಮೂಲ ಇಲಾಖೆಯಾದ ಅಡುಗೆಗೆ ಮರಳಿಸಲಾಗಿದೆ.
6. ಟೀಚರಿಗೆ: ವಿಳಾಸದಾರರು ಈ ಮನೆಯಲ್ಲಿ ವಾಸವಿಲ್ಲದ ಕಾರಣ ಪ್ರತಿಯನ್ನು ಹಿಂದಿರುಗಿಸಲಾಗಿದೆ.